ಧ್ವಜದ ಕಟ್ಟೆಯ ಸುತ್ತ ಒಂದು ಭೂಗೋಳದ ಪಾಠ

ಕೇಳುಗರೇ, ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತಾರು ವರ್ಷಗಳಿಂದ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತ ನಾನು ಕಲಿತದ್ದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಂದಿದ್ದೇನೆ. ಮಾತನ್ನು ಆಗಸ್ಟ್ 15ರಿಂದ ಶುರು ಮಾಡುತ್ತೇನೆ.

ಆ ದಿನ ಶಾಲೆಯಲ್ಲಿ ಏನೇನು ನಡೆಯುತ್ತದೆಂದು ನಿಮಗೆಲ್ಲ ಗೊತ್ತು. ಪ್ರಭಾತ ಫೇರಿ, ಧ್ವಜಾರೋಹಣ, ಭಾಷಣ, ಲಾಡು. ಹನ್ನೊಂದು ಗಂಟೆಗೆಲ್ಲ ಅಂಗಳ ಖಾಲಿ. ನಮ್ಮ ಶಾಲೆಯಲ್ಲಿ ಮಾತ್ರ ಒಂಬತ್ತನೆಯ ತರಗತಿಯ ಮಕ್ಕಳು ಮನೆಗೆ ಹೋಗುವುದಿಲ್ಲ. ಧ್ವಜದ ಕಟ್ಟೆಯ ಸುತ್ತ ಕುಳಿತು ಕಂಬದ ನೆರಳು ಕಾಯುತ್ತಾರೆ. ಬೆಳಿಗ್ಗೆ ಅಂಗಳದ ಉದ್ದಕ್ಕೂ ಪಶ್ಚಿಮಕ್ಕೆ ಚಾಚಿದ್ದ ನೆರಳು ಗಳಿಗೆ ಗಳಿಗೆಗೂ ಮೋಟಾಗುತ್ತ ಬರುತ್ತದೆ. ಹನ್ನೆರಡು ಗಂಟೆಗೆ ಕಟ್ಟೆಯ ಮೇಲಕ್ಕೇ ಬಂದಿರುತ್ತದೆ. ಹನ್ನೆರಡೂವರೆಗೆ ಒಂದೆರಡು ನಿಮಿಷ ಇರುವಾಗ ಕಂಬದ ಬುಡಕ್ಕೆ ಸೇರಿಬಿಡುತ್ತದೆ. ಕಂಬಕ್ಕೆ ನೆರಳೇ ಇಲ್ಲ. ಎದ್ದು ನಿಂತ ಮಕ್ಕಳ ನೆರಳೂ ಅವರವರ ಕಾಲಡಿಯಲ್ಲಿ ಒಂದು ಕಪ್ಪು ಮಚ್ಚೆಯಾಗಿರುತ್ತದೆ.

ಮೊದಲ ವರ್ಷ ಮೋಡ ಕವಿದು ಏನೂ ಕಾಣಲಿಲ್ಲ. ಎರಡನೆಯ ವರ್ಷ ಕಂಡಿತು. ಆ ದಿನ ಮಕ್ಕಳು ಹಾಕಿದ ಕೂಗು ನನಗಿನ್ನೂ ನೆನಪಿದೆ.

ಕಾರಣ ಸರಳವಾಗಿದೆ. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ತನಕ ಹೋದ ಸೂರ್ಯ ದಕ್ಷಿಣಕ್ಕೆ ಮರಳುವ ದಾರಿಯಲ್ಲಿ ಆಗಸ್ಟ್ ಮಧ್ಯದಲ್ಲಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಏಪ್ರಿಲ್ ಕೊನೆಯಲ್ಲಿ ಉತ್ತರಕ್ಕೆ ಹೋಗುವಾಗಲೂ ಹೀಗೇ ಹಾದಿರುತ್ತಾನೆ, ಆದರೆ ಆಗ ಬೇಸಿಗೆ ರಜೆ. ಬೆಂಗಳೂರಿನವರಿಗೆ ಇದು ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಬರುತ್ತದೆ. ಶಿವಮೊಗ್ಗ, ಚಿತ್ರದುರ್ಗ, ಹಿರಿಯೂರಿನ ಆಸುಪಾಸಿನ ನಮಗೆ ಸ್ವಾತಂತ್ರ್ಯ ದಿನದ ಒಂದು ದಿನ ಆಚೀಚೆ. ಶಾಲೆಯಲ್ಲಿ ನೆಟ್ಟಗೆ ನಿಂತ ಕಂಬ ಯಾವುದಿದೆ ಹೇಳಿ? ಧ್ವಜಸ್ತಂಭವೇ ತಾನೇ?

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಕರ್ಕಾಟಕ ಸಂಕ್ರಾಂತಿ ವೃತ್ತ ಭಾರತದ ಎಂಟು ರಾಜ್ಯಗಳಲ್ಲಿ ಹಾದುಹೋಗುತ್ತದೆ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರ, ಮಿಜೋರಾಂ. ನನ್ನ ಮಕ್ಕಳು ಈ ಎಂಟನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಆ ಗೆರೆಯನ್ನು ಅಲ್ಲಿಯೇ ಏಕೆ ಎಳೆದಿದ್ದಾರೆ ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಯಾರೋ ದೊಡ್ಡವರು ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಎಳೆದ ಗೆರೆ, ಅಷ್ಟೇ. ಧ್ವಜದ ಕಟ್ಟೆಯ ಪಾಠವಾದ ಮೇಲೆ ಒಬ್ಬ ಹುಡುಗಿ ತಾನಾಗಿಯೇ ಕೇಳಿದಳು: "ಹಾಗಾದರೆ ದೆಹಲಿಯ ಕೆಂಪುಕೋಟೆಯ ಕಂಬದ ನೆರಳು ಯಾವತ್ತೂ ಮಾಯವಾಗುವುದಿಲ್ಲವೇ ಮೇಡಂ?" ಆಗುವುದಿಲ್ಲ. ದೆಹಲಿ ಆ ಗೆರೆಯ ಆಚೆಗಿದೆ. ಸೂರ್ಯ ಅಲ್ಲಿಯ ನೆತ್ತಿಗೆ ಎಂದೂ ಬರುವುದಿಲ್ಲ. ಅವಳಿಗೆ ಆ ಗೆರೆ ಅಂದು ಅರ್ಥವಾಯಿತು.

ನಾನು ಪದವಿಯಲ್ಲಿ ಓದಿದ್ದು ಇತಿಹಾಸ. ನನ್ನಂತೆ ಭೂಗೋಳವನ್ನು ಕಾಲೇಜಿನಲ್ಲಿ ಓದದೆಯೇ ಪ್ರೌಢಶಾಲೆಯಲ್ಲಿ ಕಲಿಸುತ್ತಿರುವವರು ಬಹಳ ಮಂದಿ ಇದ್ದಾರೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಂದೇ ವಿಷಯದ ಹೊಟ್ಟೆಯಲ್ಲಿವೆ. ಪಾಠ ಮುಗಿಸುವ ಅವಸರದಲ್ಲಿ ಭೂಗೋಳವೆಂದರೆ ಹೆಸರುಗಳ ಪಟ್ಟಿ, ಪರೀಕ್ಷೆಗೆ ಭಾರತದ ನಕ್ಷೆ ಬರೆದು ಗುರುತಿಸುವುದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಾನೂ ಬಹಳ ವರ್ಷ ಹಾಗೆಯೇ ಕಲಿಸಿದೆ. ಕಣ್ಣ ಮುಂದಿನ ನೆಲವನ್ನು ಬಿಟ್ಟು ಗೋಡೆಯ ಮೇಲಿನ ನಕ್ಷೆಯಿಂದ ಶುರು ಮಾಡಿದ್ದೇ ನಮ್ಮ ತಪ್ಪು ಎಂದು ಈಗ ನನಗೆ ಖಚಿತವಾಗಿದೆ. ಮಗು ಹದಿಮೂರು ಹದಿನಾಲ್ಕು ವರ್ಷ ಆ ನೆಲದ ಮೇಲೆ ಓಡಾಡಿರುತ್ತದೆ. ಅದಕ್ಕೆ ಗೊತ್ತಿರುವುದನ್ನು ಕೇಳದೆ ಗೊತ್ತಿಲ್ಲದ್ದನ್ನು ತುಂಬಲು ಹೋಗುತ್ತೇವೆ.

ಮಳೆ ನೆರಳಿನ ಪ್ರದೇಶದ, ಅಂದರೆ ಘಟ್ಟದ ಮರೆಯಲ್ಲಿ ಮಳೆ ಕಡಿಮೆ ಬೀಳುವ ಸೀಮೆಯ ಪಾಠವನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆ ಅದಕ್ಕೆ ಪುಸ್ತಕದಲ್ಲಿ ಕೊಡುವ ಉದಾಹರಣೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಹಿರಿಯೂರಿಗೆ ನೇರ ಗೆರೆ ಎಳೆದರೆ ನೂರ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಇತ್ತ ಹಿರಿಯೂರು, ಚಳ್ಳಕೆರೆಯ ಕಡೆ ಐನೂರು ಆರುನೂರು ಮಿಲಿಮೀಟರ್ ಬಿದ್ದರೆ ರೈತರು ಕೈ ಮುಗಿಯುತ್ತಾರೆ. ಅಂಕಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಒಂದು ಮಿಲಿಮೀಟರ್ ಮಳೆಯೆಂದರೆ ಎಷ್ಟು ನೀರು?

ನಾವು ನೇರ ಬದಿಯ ಒಂದು ಸ್ಟೀಲ್ ಡಬ್ಬಿಯನ್ನು ಅಂಗಳದ ನಡುವೆ ಇಟ್ಟೆವು. ಅಗಲ ಬಾಯಿಯ ಡಬ್ಬಿ ಇಟ್ಟರೆ ಹೆಚ್ಚು ಮಳೆ ಬರುವುದಿಲ್ಲವೇ ಎಂದು ಒಬ್ಬ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಹಾಗಾಗಿ ಸಣ್ಣದು, ದೊಡ್ಡದು ಎರಡನ್ನೂ ಇಟ್ಟು ಕಾದೆವು. ಮಳೆ ಬಂದು ನಿಂತಾಗ ಅಳತೆಪಟ್ಟಿ ಇಳಿಸಿ ನೋಡಿದರೆ ಎರಡರಲ್ಲೂ ನೀರಿನ ಆಳ ಒಂದೇ. ಆಮೇಲೆ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಚಾವಣಿಯನ್ನು ಮಕ್ಕಳೇ ಹೆಜ್ಜೆ ಹಾಕಿ, ಹಗ್ಗ ಹಿಡಿದು ಅಳೆದರು. ಇನ್ನೂರು ಚದರ ಮೀಟರ್ ಬಂತು. 25 ಮಿಲಿಮೀಟರಿನ ಒಂದು ಹದ ಮಳೆಗೆ ಐದು ಸಾವಿರ ಲೀಟರ್. "ಒಂದು ಟ್ಯಾಂಕರ್ ಮೇಡಂ!" ಎಂದರು. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ನಿಂತ ಮಕ್ಕಳು ಅವರು. ಮಿಲಿಮೀಟರ್ ಎಂಬ ಮಾತು ಆ ದಿನದಿಂದ ಅವರಿಗೆ ಸ್ವಂತದ್ದಾಯಿತು.

ಆದರೆ ಮೋಡ ನಮ್ಮ ತಲೆಯ ಮೇಲೆಯೇ ಓಡಿಹೋಗುತ್ತದಲ್ಲ, ಮಳೆ ಮಾತ್ರ ಏಕಿಲ್ಲ? ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ. ತಂದೆ ತಾಯಿ ಶುಂಠಿ ಕೆಲಸಕ್ಕೆ ಮಲೆನಾಡಿಗೆ ಹೋಗಿದ್ದಾಗ ಅವರೊಂದಿಗೆ ಒಂದು ಮಳೆಗಾಲ ಕಳೆದು ಬಂದ ಒಬ್ಬ ಹುಡುಗ ತರಗತಿಯಲ್ಲಿದ್ದ. ತಡವಾಗಿ ಸೇರಿದವನು, ಮಾತು ಕಡಿಮೆ. ಅವನು ಎದ್ದು ಹೇಳಿದ: "ಅಲ್ಲಿ ಗಾಳಿ ಒದ್ದೆಯಾಗಿರುತ್ತದೆ ಮೇಡಂ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಒಲೆಯ ಮೇಲೆ ಕಟ್ಟಬೇಕು. ಇಲ್ಲಿ ಅದೇ ತಿಂಗಳಲ್ಲಿ ಅರ್ಧ ಗಂಟೆ ಸಾಕು." ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬಂದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರು ಚೆಲ್ಲುತ್ತದೆ, ಘಟ್ಟ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ನಾನು ಹಲಗೆಯ ಮೇಲೆ ಬಾಣ ಹಾಕಿ ಎಷ್ಟೋ ಸಲ ಬಿಡಿಸಿದ್ದ ಚಿತ್ರ ಇದು. ಆ ಹುಡುಗನ ಬಟ್ಟೆಯ ಮಾತಿನಿಂದ ತರಗತಿಗೆ ಅರ್ಥವಾದಷ್ಟು ನನ್ನ ಬಾಣಗಳಿಂದ ಎಂದೂ ಆಗಿರಲಿಲ್ಲ.

ಆ ಗಾಳಿಯ ದಿಕ್ಕನ್ನೂ ನಾವು ಕಣ್ಣಾರೆ ನೋಡಬಹುದು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತೀರಿ. ಗಾಳಿ ಎತ್ತಣಿಂದ ಬರುತ್ತದೆಯೋ ಅತ್ತ ಮುಖ ತಿರುಗಿಸಿ ನಿಲ್ಲುವುದು ಅವುಗಳ ಸ್ವಭಾವ. ಜುಲೈ ತಿಂಗಳಲ್ಲಿ ನೋಡಿ, ಪಶ್ಚಿಮದತ್ತ ಮುಖ ಮಾಡಿರುತ್ತವೆ. ಡಿಸೆಂಬರಿನಲ್ಲಿ ನೋಡಿ, ಪೂರ್ವದತ್ತ ತಿರುಗಿರುತ್ತವೆ. ನೈಋತ್ಯ ಮಾನ್ಸೂನ್ ಮತ್ತು ಈಶಾನ್ಯ ಮಾನ್ಸೂನ್ ಎಂದರೆ ಇದೇ. ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ ಬರುವ ಮಕ್ಕಳಿಗೆ, ಯಂತ್ರದ ಮುಖ ಎತ್ತ ಇತ್ತು ಎಂದು ತಿಂಗಳಿಗೊಮ್ಮೆ ಬರೆದಿಡಲು ಹೇಳಿದ್ದೇನೆ.

ಇನ್ನೊಂದು ಮಾತು. ಪುಸ್ತಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ ಎಂದಿದೆ. ನಮ್ಮ ಕಡೆಯ ಮಕ್ಕಳು ಒಳ್ಳೆಯ ಮಳೆ ನೋಡುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹೀಗಿರುವಾಗ ಪುಸ್ತಕ ಸುಳ್ಳೋ ಆಕಾಶ ಸುಳ್ಳೋ ಎಂದು ಮಗುವಿಗೆ ಅನ್ನಿಸಬಾರದು. ನಾನು ಅವರನ್ನು ಅಜ್ಜಿಯರ ಬಳಿ ಕಳಿಸುತ್ತೇನೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬ, ಉತ್ತರೆ, ಹಸ್ತ, ಚಿತ್ತ, ಸ್ವಾತಿ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆ ನಮ್ಮ ಊರಿಗೆ ಕೈಕೊಡುತ್ತದೆ ಎಂದು ಮಕ್ಕಳು ಬರೆದುಕೊಂಡು ಬರುತ್ತಾರೆ. ಉತ್ತರೆಯಿಂದ ಚಿತ್ತೆಯವರೆಗೆ ನಮ್ಮವು ಎಂದು ಬಹುತೇಕ ಎಲ್ಲ ಅಜ್ಜಿಯರೂ ಹೇಳಿರುತ್ತಾರೆ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ ಏಕೆ ಎಂದು ನಾನು ಕೇಳುತ್ತೇನೆ. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿದರೆ ಬರುವುದು ಅಷ್ಟೇ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವಷ್ಟು ದಿನ ಆ ಮಳೆ. ಅಂದರೆ ಅಜ್ಜಿಯ ಲೆಕ್ಕ ಭೂಮಿ ಸೂರ್ಯನನ್ನು ಸುತ್ತುವ ಲೆಕ್ಕವೇ. ಶಾಲೆಗೆ ಹೋಗದ ಅಜ್ಜಿ ತನ್ನ ಪಾಠಕ್ಕೆ ನೆರವಾದದ್ದು ಮಗುವಿಗೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ನಾನು ಅವರ ಮುಖದಲ್ಲಿ ನೋಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ ಪಾಠ ಯಾವುದೆಂದು ಶಿಕ್ಷಕ ಮಿತ್ರರನ್ನು ಕೇಳಿದರೆ ಸಮೋನ್ನತಿ ರೇಖೆ ಎನ್ನುತ್ತಾರೆ. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆ. ವ್ಯಾಖ್ಯೆ ಬಾಯಿಗೆ ಬರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಳೆ ಚಪ್ಪಟೆ, ಬೆಟ್ಟ ಚಪ್ಪಟೆಯಲ್ಲ. ಈ ಪಾಠಕ್ಕೆ ನಾನು ಮಕ್ಕಳನ್ನು ವಾಣಿವಿಲಾಸ ಸಾಗರಕ್ಕೆ ಕರೆದುಕೊಂಡು ಹೋಗುತ್ತೇನೆ. ನಮ್ಮವರ ಬಾಯಲ್ಲಿ ಅದು ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳೇ ಮಳೆ ನೆರಳಿನ ಪಾಠ ಹೇಳುತ್ತವೆ. ನೀರು ಇಳಿಯುತ್ತ ಹೋದಂತೆ ಸುತ್ತಲಿನ ಗುಡ್ಡಗಳ ಮೈಮೇಲೆ ಗೆರೆಗಳು ಉಳಿಯುತ್ತವೆ. ನೀರು ಒಂದೊಂದು ಮಟ್ಟದಲ್ಲಿ ಕೆಲವು ದಿನ ನಿಂತ ಗುರುತು. ನಿಂತ ನೀರಿನ ಅಂಚು ಎಲ್ಲೆಡೆ ಒಂದೇ ಎತ್ತರದಲ್ಲಿರುತ್ತದೆಯಲ್ಲವೇ? ಹಾಗಾದರೆ ಆ ಗೆರೆಯೇ ಸಮೋನ್ನತಿ ರೇಖೆ. ಮಕ್ಕಳನ್ನು ಒಂದು ಗೆರೆಯ ಮೇಲೆಯೇ ನಡೆಸುತ್ತೇನೆ. ಏರುವುದಿಲ್ಲ, ಇಳಿಯುವುದಿಲ್ಲ, ಗುಡ್ಡದ ಮೈಯನ್ನು ಬಳಸಿ ಹೋಗುತ್ತದೆ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿ, ಸಮತಟ್ಟಾದ ಕಡೆ ದೂರ ದೂರವಾಗಿ ಇರುವುದನ್ನು ಅವರೇ ಕಂಡು ಹೇಳುತ್ತಾರೆ. ಅದಾದ ಮೇಲೆಯೇ ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಬಿಚ್ಚುವುದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನಿಮ್ಮ ಊರಿನಲ್ಲಿ ಜಲಾಶಯ ಇಲ್ಲದಿದ್ದರೆ ಕೆರೆ ಇದೆ, ಅದೂ ಇಲ್ಲದಿದ್ದರೆ ಬಕೆಟ್ಟಿನಲ್ಲಿ ಒಂದು ಕಲ್ಲಿಟ್ಟು ಬೆರಳಗಲ ಬೆರಳಗಲ ನೀರು ಹೊಯ್ಯುತ್ತ ನೀರಿನ ಅಂಚಿಗೆ ಗುರುತು ಹಾಕಿ. ಅಷ್ಟು ಸಾಕು.

ಪರೀಕ್ಷೆಯ ಮಾತು ಬಂದೇ ಬರುತ್ತದೆ. ಪೋಷಕರೂ ಕೇಳುತ್ತಾರೆ. ನಕ್ಷೆ ಬರೆಯುವುದನ್ನು ನಾನು ಬಿಟ್ಟಿಲ್ಲ. ಹತ್ತನೆಯ ತರಗತಿಯಲ್ಲಿ ವಾರಕ್ಕೊಂದು ಬರೆಸುತ್ತೇನೆ, ಅದು ಅವರ ಅಂಕದ ಪ್ರಶ್ನೆ. ಆದರೆ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುವ ಸೆಪ್ಟೆಂಬರ್ 23ರಂದು ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳು 25 ಸೆಂಟಿಮೀಟರ್ ಎಂದು ಅಳೆದು, ಆ ತ್ರಿಕೋನವನ್ನು ಹಾಳೆಯ ಮೇಲೆ ಬಿಡಿಸಿ, ಕೋನಮಾಪಕ ಇಟ್ಟು 14 ಡಿಗ್ರಿ ಓದಿದ ಮಗು ಅಕ್ಷಾಂಶವನ್ನು ಮರೆಯುವುದಿಲ್ಲ. ತನ್ನ ಊರು ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಅದು ಒಂದು ಕೋಲಿನಿಂದ ಕಂಡುಹಿಡಿದಿರುತ್ತದೆ.

ಕಳೆದ ವರ್ಷದ ಕೆಲಸವೊಂದನ್ನು ಹೇಳಿ ಮುಗಿಸುತ್ತೇನೆ. ಶಾಲೆಯ ಅಂಗಳದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬುದರ ನಕ್ಷೆ ಬರೆಯಿರಿ ಎಂದೆ. ಗೇಟಿನ ಪಕ್ಕದ ಚರಂಡಿ, ಹಿಂದಿನ ಹಳ್ಳ, ಕೆರೆ, ಕೋಡಿ. ಇಷ್ಟನ್ನು ನಡೆದು ನೋಡಿದರು. ಕೋಡಿಯ ನೀರು ವೇದಾವತಿಗೆ ಸೇರುವಲ್ಲಿಗೆ ಮೊದಲ ಹಾಳೆ ಮುಗಿಯಿತು. ಇನ್ನೊಂದು ಹಾಳೆ ಅಂಟಿಸಿದರು. ವೇದಾವತಿ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಹಾದು, ಬಳ್ಳಾರಿ ಸೀಮೆಯಲ್ಲಿ ಹಗರಿ ಎಂಬ ಹೆಸರು ಹೊತ್ತು, ತುಂಗಭದ್ರೆಗೆ ಸೇರುತ್ತದೆ. ಮತ್ತೊಂದು ಹಾಳೆ. ತುಂಗಭದ್ರೆ ಕೃಷ್ಣೆಗೆ, ಅಲ್ಲಿಂದ ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡ. ಹಾಳೆಗಳು ತರಗತಿಯ ಗೋಡೆ ಮುಗಿಸಿ ಪಡಸಾಲೆಗೆ ಬಂದವು. ಕೊನೆಯ ಹಾಳೆಗೆ ಬಂಗಾಳ ಕೊಲ್ಲಿಯ ನೀಲಿ ಬಳಿಯುತ್ತಿದ್ದ ಹುಡುಗಿ ಕುಂಚ ನಿಲ್ಲಿಸಿ, ನಮ್ಮ ಮಳೆ ಬಂದದ್ದು ಅರಬ್ಬೀ ಸಮುದ್ರದಿಂದ ತಾನೇ ಎಂದು ಕೇಳಿದಳು. ಹೌದು ಎಂದೆ. ಅವಳು ಎದ್ದು ಹೋಗಿ, ಮೊದಲ ಹಾಳೆಯ ಎಡಕ್ಕೆ ಇನ್ನೂ ಒಂದು ಖಾಲಿ ಹಾಳೆ ಅಂಟಿಸಿದಳು.

ನಮಸ್ಕಾರ.