18ನೇ ತಿಂಗಳ ಬಾಕಿ

ಕೇಳುಗರಿಗೆ ನಮಸ್ಕಾರ.

ಕಾರು ಬೇಕು ಅಂತ ಹೊರಟಾಗ ನಾವೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ತಿಂಗಳಿಗೆ ಎಷ್ಟು ಕಟ್ಟಬೇಕು? ನಾನೂ ಅದನ್ನೇ ಕೇಳಿದ್ದೆ. 36 ತಿಂಗಳ ಲೀಸಿಗೆ ಸಹಿ ಹಾಕಿದೆ, ಕೀ ಇಸ್ಕೊಂಡೆ, ಖುಷಿಯಾಗಿ ಮನೆಗೆ ಬಂದೆ. ಅರ್ಧ ದಾರಿಗೆ, ಅಂದರೆ 18ನೇ ತಿಂಗಳಿಗೆ, ಕೆಲಸ ಬೇರೆ ಊರಿಗೆ ವರ್ಗವಾಯಿತು. ಅಲ್ಲಿ ಕಾರಿನ ಅಗತ್ಯವೇ ಇರಲಿಲ್ಲ. ಲೀಸ್ ಕಂಪನಿಗೆ ಫೋನ್ ಮಾಡಿ, "ಕಾರು ವಾಪಸ್ ಕೊಡ್ತೀನಿ, ಏನು ಮಾಡಬೇಕು?" ಅಂದೆ. "ಒಂದು ನಿಮಿಷ ಲೈನಲ್ಲೇ ಇರಿ ಸರ್" ಅಂದರು. ಒಂದು ನಿಮಿಷ ಹತ್ತು ನಿಮಿಷವಾಯಿತು. ಆಮೇಲೆ ಒಂದು ಮೊತ್ತ ಹೇಳಿದರು. ನನ್ನ ಕಿವಿಯದ್ದೇ ತಪ್ಪಿರಬೇಕು ಅಂದುಕೊಂಡು ಇನ್ನೊಮ್ಮೆ ಕೇಳಿದೆ. ಅದೇ ಮೊತ್ತ. ಉಳಿದ 18 ಕಂತನ್ನೂ ಒಟ್ಟಿಗೆ ಕಟ್ಟಬೇಕಂತೆ. ಕಾರೂ ಅವರಿಗೇ.

ಅವತ್ತು ರಾತ್ರಿ ಕೂತು ಒಪ್ಪಂದವನ್ನು ಮೊದಲ ಸಲ ಪೂರ್ತಿ ಓದಿದೆ. ಎಲ್ಲಾ ಅದರಲ್ಲೇ ಇತ್ತು. ಯಾರೂ ಮೋಸ ಮಾಡಿರಲಿಲ್ಲ. ಓದದೆ ಇದ್ದವನು ನಾನು.

ಹಾಗಾಗಿ ಇವತ್ತು ಲೀಸ್ ಮತ್ತು ಸಾಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಪೆನ್ನು, ಕಾಗದ ಏನೂ ಬೇಡ. ಎರಡು ಮೂರು ಅಂಕಿ ತಲೆಯಲ್ಲಿ ಇಟ್ಟುಕೊಂಡರೆ ಸಾಕು. ಯಾವ ದೇಶದ ದುಡ್ಡು ಅಂತ ನಾನು ಹೇಳುವುದಿಲ್ಲ. ಲೆಕ್ಕ ಎಲ್ಲ ಕಡೆಯೂ ಒಂದೇ.

ಕಾರಿನ ಬೆಲೆ 11 ಲಕ್ಷ ಅಂತಿಟ್ಟುಕೊಳ್ಳಿ. ಸಾಲದ ದಾರಿಯಲ್ಲಿ ಹೋದರೆ 1 ಲಕ್ಷ ಮುಂಗಡ, 10 ಲಕ್ಷ ಸಾಲ. ವರ್ಷಕ್ಕೆ ಶೇಕಡಾ 10 ಬಡ್ಡಿ, 5 ವರ್ಷದ ಅವಧಿ. ತಿಂಗಳ ಕಂತು 21,247 ಆಗುತ್ತದೆ.

ಈಗ ಲೀಸ್. ಇಲ್ಲಿ ಕಾರು ನಿಮ್ಮದಾಗುವುದಿಲ್ಲ. ಮೂರು ವರ್ಷ ಓಡಿಸಿದ ಮೇಲೆ ಕಾರಿಗೆ 6 ಲಕ್ಷ ಬೆಲೆ ಉಳಿಯುತ್ತದೆ ಅಂತ ಕಂಪನಿ ಮೊದಲೇ ಅಂದಾಜು ಮಾಡುತ್ತದೆ. 11ರಿಂದ 6ಕ್ಕೆ ಇಳಿದರೆ ಸವೆದದ್ದು 5 ಲಕ್ಷ. ಅದನ್ನು 36 ತಿಂಗಳಿಗೆ ಹಂಚಿದರೆ 13,889. ಅದರ ಮೇಲೆ, ಕಂಪನಿ ಕಾರಿನಲ್ಲಿ ಹೂಡಿದ ದುಡ್ಡಿಗೆ ಬಡ್ಡಿ. 11ಕ್ಕೂ 6ಕ್ಕೂ ಸರಾಸರಿ ಎಂಟೂವರೆ ಲಕ್ಷ, ಅದರ ಮೇಲೆ ಅದೇ ಶೇಕಡಾ 10ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7,083. ಎರಡೂ ಸೇರಿದರೆ 20,972. ಮುಂಗಡ ಇಲ್ಲ.

ಗಮನಿಸಿದಿರಾ? ಎರಡೂ ಕಂತು ಹೆಚ್ಚುಕಡಿಮೆ ಒಂದೇ. ಮೂರು ವರ್ಷ ಆದ ಮೇಲೆ ಏನಾಗುತ್ತದೆ ನೋಡಿ. ಲೀಸಿನವರು ಕಾರು ವಾಪಸ್ ಕೊಟ್ಟು ಬರಿಗೈಯಲ್ಲಿ ಹೊರಡುತ್ತಾರೆ. ಸಾಲದವರ ಹತ್ತಿರ 6 ಲಕ್ಷದ ಕಾರಿದೆ, 4 ಲಕ್ಷದ 60 ಸಾವಿರ ಬಾಕಿಯೂ ಇದೆ. ಮಾರಿ ಸಾಲ ತೀರಿಸಿದರೆ ಕೈಯಲ್ಲಿ 1 ಲಕ್ಷದ 40 ಸಾವಿರ. ಆದರೆ ಅವರು 1 ಲಕ್ಷ ಮುಂಗಡ ಕೊಟ್ಟಿದ್ದರು, ಕಂತಿನಲ್ಲೂ ಒಟ್ಟು 10 ಸಾವಿರದಷ್ಟು ಜಾಸ್ತಿ ಕಟ್ಟಿದ್ದರು. ಉಳಿದದ್ದು 30 ಸಾವಿರ. ಅದೂ ಲಾಭವಲ್ಲ, ಮುಂಗಡದ ಮೇಲೆ ಮೂರು ವರ್ಷದ ಬಡ್ಡಿ ಬಂತು ಅಷ್ಟೇ.

ಅಂದರೆ ಬಡ್ಡಿ ದರ ಒಂದೇ ಇದ್ದರೆ, ಅವಧಿ ಮುಗಿಯುವ ತನಕ ಇದ್ದರೆ, ಲೀಸಿಗೂ ಸಾಲಕ್ಕೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಲೀಸ್ ಅಂದರೆ ದುಡ್ಡು ಪೋಲು ಅನ್ನುವವರ ಮಾತನ್ನೂ ನಂಬಬೇಡಿ, ಲೀಸ್ ಅಗ್ಗ ಅನ್ನುವವರ ಮಾತನ್ನೂ ನಂಬಬೇಡಿ. ಅಗ್ಗ ಅನಿಸುವುದು ಸಾಮಾನ್ಯವಾಗಿ ಮೂರು ವರ್ಷದ ಲೀಸನ್ನು ಮೂರು ವರ್ಷದ ಸಾಲದ ಪಕ್ಕ ಇಟ್ಟಾಗ.

ವ್ಯತ್ಯಾಸ ಇರುವುದು ನಡುವೆ ಎದ್ದು ಬರುವಾಗ.

18ನೇ ತಿಂಗಳಿಗೆ ಬನ್ನಿ. ಸಾಲದವರು ಅಷ್ಟರಲ್ಲಿ 3 ಲಕ್ಷದ 82 ಸಾವಿರ ಕಟ್ಟಿರುತ್ತಾರೆ. ಅಸಲು ಇಳಿದಿರುವುದು ಮಾತ್ರ ಎರಡೂವರೆ ಲಕ್ಷ. ಮೊದಲ ಕಂತನ್ನೇ ಬಿಡಿಸಿ ನೋಡಿ. 21,247ರಲ್ಲಿ 8,333 ಬಡ್ಡಿಗೇ ಹೋಗುತ್ತದೆ. ಬಾಕಿ ಇನ್ನೂ ಏಳೂವರೆ ಲಕ್ಷ ಇದೆ. ಕಾರು 8 ಲಕ್ಷಕ್ಕೆ ಹೋದರೆ 50 ಸಾವಿರ ಕೈಗೆ ಬರುತ್ತದೆ. 7 ಲಕ್ಷಕ್ಕೆ ಹೋದರೆ 50 ಸಾವಿರ ಕೈಯಿಂದ ಹೋಗುತ್ತದೆ. ನೋವು ಆಗುತ್ತದೆ, ಆದರೆ ತಡೆದುಕೊಳ್ಳಬಹುದು. ಅದೇ ತಿಂಗಳು ನನ್ನ ಥರದ ಲೀಸ್ ಬಿಟ್ಟು ಹೊರಟರೆ? 20,972 ಗುಣಿಸು 18. ಮೂರು ಲಕ್ಷದ 77 ಸಾವಿರ. ಕಾರೂ ಇಲ್ಲ.

ಎಲ್ಲ ಲೀಸೂ ಹೀಗೇ ಇರುವುದಿಲ್ಲ. ಕೆಲವರು ಉಳಿದ ಕಂತುಗಳಲ್ಲಿ ಅರ್ಧ ಕೇಳುತ್ತಾರೆ. ಕೆಲವರು ಕಾರನ್ನು ಹರಾಜು ಹಾಕಿ, ಅವರ ಪುಸ್ತಕದಲ್ಲಿರುವ ಬಾಕಿಗಿಂತ ಎಷ್ಟು ಕಡಿಮೆ ಬಂತೋ ಅಷ್ಟನ್ನು ಕೇಳುತ್ತಾರೆ. ಇನ್ನು ಕೆಲವರು ಲೀಸನ್ನು ಬೇರೆಯವರ ಹೆಸರಿಗೆ ದಾಟಿಸಲು ಬಿಡುತ್ತಾರೆ. ಇದು ಒಳ್ಳೆ ದಾರಿಯೇ. ಆದರೆ ಹೊಸಬರು ಕಂತು ತಪ್ಪಿಸಿದರೆ ಜವಾಬ್ದಾರಿ ಯಾರದು ಅಂತ ಮೊದಲೇ ಕೇಳಿ. ಹಳಬರನ್ನೇ ಹಿಡಿಯುವ ಒಪ್ಪಂದಗಳೂ ಇವೆ.

ಇದರ ಜೊತೆಗೆ ಮೂರನೇ ಒಂದು ಬಗೆ ಇದೆ. ಪ್ರತಿ ತಿಂಗಳು ಸಣ್ಣ ಕಂತು, ಕೊನೆಯಲ್ಲಿ ಒಂದು ದೊಡ್ಡ ಕಂತು. ಬಲೂನ್ ಕಂತು ಅನ್ನುತ್ತಾರೆ. ಕೊನೆಯ ದೊಡ್ಡ ಕಂತು ಕಟ್ಟಿದರೆ ಕಾರು ನಿಮ್ಮದು. ಕಟ್ಟಲಾಗದಿದ್ದರೆ, ಒಪ್ಪಂದದಲ್ಲಿ ಅವಕಾಶ ಇದ್ದರೆ, ಕಾರು ಬಿಟ್ಟುಕೊಟ್ಟು ಬರಬಹುದು. ನೋಡಲು ಚೆಂದ. ಆದರೆ ಕಂತು ಸಣ್ಣದು ಅಂದರೆ ಅಸಲು ಕರಗುವುದೂ ನಿಧಾನ. ಕಾರಿನ ಬೆಲೆ ಮಾತ್ರ ಮೊದಲ ವರ್ಷವೇ ಜೋರಾಗಿ ಇಳಿಯುತ್ತದೆ. ಹಾಗಾಗಿ ಬಹಳ ಕಾಲ ಕಾರಿನ ಬೆಲೆಗಿಂತ ಬಾಕಿಯೇ ಜಾಸ್ತಿ ಇರುತ್ತದೆ. ನಡುವೆ ಬಿಡಬೇಕಾಗಿ ಬಂದವರು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ.

ಬ್ರಿಟನ್ನಿನಲ್ಲಿ 1974ರ ಗ್ರಾಹಕ ಸಾಲ ಕಾಯಿದೆ ಇದಕ್ಕೊಂದು ಬಾಗಿಲು ಇಟ್ಟಿದೆ. ಹೈರ್ ಪರ್ಚೇಸ್, ಅಂದರೆ ಕಂತು ಪೂರ್ತಿ ತೀರಿದ ಮೇಲಷ್ಟೇ ಕಾರು ನಮ್ಮ ಹೆಸರಿಗೆ ಬರುವ ಒಪ್ಪಂದ, ಮಾಡಿದವರು ಒಟ್ಟು ಕಟ್ಟಬೇಕಾದ ಮೊತ್ತದಲ್ಲಿ ಅರ್ಧ ಕಟ್ಟಿದ್ದರೆ, ಕಾರನ್ನು ಸರಿಯಾಗಿ ನೋಡಿಕೊಂಡಿದ್ದರೆ, ವಾಪಸ್ ಕೊಟ್ಟು ಕೈತೊಳೆದುಕೊಳ್ಳಬಹುದು. ಅರ್ಧ ಆಗಿಲ್ಲದಿದ್ದರೆ ಅರ್ಧಕ್ಕೆ ಎಷ್ಟು ಕಡಿಮೆಯೋ ಅಷ್ಟು ಕಟ್ಟಬೇಕು. ಒಂದು ಕೊಕ್ಕೆ ಇದೆ. ಒಟ್ಟು ಮೊತ್ತದಲ್ಲಿ ಆ ಬಲೂನ್ ಕಂತೂ ಸೇರುತ್ತದೆ. ಹಾಗಾಗಿ ಬಲೂನ್ ಇರುವ ಒಪ್ಪಂದದಲ್ಲಿ ಅರ್ಧ ಮುಟ್ಟುವ ಹೊತ್ತಿಗೆ ಅವಧಿಯೇ ಮುಗಿಯುತ್ತಾ ಬಂದಿರುತ್ತದೆ. ಲೀಸಿಗಂತೂ ಈ ಅರ್ಧದ ನಿಯಮ ಇಲ್ಲವೇ ಇಲ್ಲ. ಅಮೆರಿಕದಲ್ಲಿ 1976ರ ಗ್ರಾಹಕ ಲೀಸಿಂಗ್ ಕಾಯಿದೆ ಇದೆ. ಲೀಸನ್ನು ಬೇಗ ಮುಗಿಸಿದರೆ ಎಷ್ಟು ತೆರಬೇಕು, ಇಲ್ಲವೇ ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಮೊದಲೇ ಬರೆದು ಕೊಡಬೇಕು. ಬರೆದು ಕೊಡುತ್ತಾರೆ. ಓದುವವರು ಬೇಕಲ್ಲ!

ಸಾಲದಲ್ಲೂ ಹುಷಾರಾಗಿರಬೇಕಾದ ಜಾಗಗಳಿವೆ. 'ನಮ್ಮದು ಬರೀ ಶೇಕಡಾ 6' ಅಂತ ಯಾರಾದರೂ ಅಂದರೆ, ಫ್ಲಾಟ್ ಬಡ್ಡಿಯೋ, ಇಳಿಯುವ ಬಾಕಿಯ ಮೇಲಿನ ಬಡ್ಡಿಯೋ ಅಂತ ಕೇಳಿ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯ ತನಕ ಪೂರ್ತಿ 10 ಲಕ್ಷದ ಮೇಲೇ ಬಡ್ಡಿ. ಐದು ವರ್ಷಕ್ಕೆ 3 ಲಕ್ಷ ಬಡ್ಡಿ, ಕಂತು 21,667. ನಮ್ಮ ಶೇಕಡಾ 10ರ ಸಾಲದ ಕಂತು 21,247 ಇತ್ತಲ್ಲ? ಆರು ಪರ್ಸೆಂಟಿನ ಸಾಲ ಹತ್ತು ಪರ್ಸೆಂಟಿನದ್ದಕ್ಕಿಂತ ದುಬಾರಿ. ಲೆಕ್ಕದ ಮೇಷ್ಟ್ರಿಗೂ ಒಂದು ಕ್ಷಣ ತಲೆ ತಿರುಗಬೇಕು.

ಇನ್ನೊಂದು ಹಳೇ ಕರಾಮತ್ತು ಇದೆ, 78ರ ನಿಯಮ ಅಂತ. ಒಂದರಿಂದ ಹನ್ನೆರಡರ ತನಕ ಕೂಡಿಸಿದರೆ 78 ಬರುತ್ತದೆ. ಒಂದು ವರ್ಷದ ಸಾಲದಲ್ಲಿ ಒಟ್ಟು ಬಡ್ಡಿಯನ್ನು 78 ಪಾಲು ಮಾಡಿ, ಮೊದಲ ತಿಂಗಳಿಗೆ 12 ಪಾಲು, ಎರಡನೇ ತಿಂಗಳಿಗೆ 11, ಹೀಗೆ ಇಳಿಸುತ್ತಾ ಹೋಗುತ್ತಾರೆ. ಆರು ತಿಂಗಳಿಗೆ ಸಾಲ ತೀರಿಸಲು ಹೋದರೆ 57 ಪಾಲು ಬಡ್ಡಿ ಆಗಲೇ ಅವರ ಜೇಬಿಗೆ ಸೇರಿರುತ್ತದೆ. ನೂರಕ್ಕೆ 73. ಅವಧಿ ಉದ್ದವಾದಷ್ಟೂ ಈ ಏಟು ಜೋರು. ಅದಕ್ಕೇ 1992ರಲ್ಲಿ ಅಮೆರಿಕ 61 ತಿಂಗಳಿಗಿಂತ ಉದ್ದದ ಸಾಲಗಳಿಗೆ ಇದನ್ನು ನಿಷೇಧಿಸಿತು.

ಇಷ್ಟೆಲ್ಲ ರಗಳೆ ಯಾಕೆ, ದುಡ್ಡು ಕೂಡಿಟ್ಟು ಕೊಂಡರಾಯಿತಲ್ಲ ಅನ್ನುತ್ತೀರಾ? ಹೆನ್ರಿ ಫೋರ್ಡ್ ಅವರಿಗೂ ಹಾಗೇ ಅನಿಸಿತ್ತು. ಜನರಲ್ ಮೋಟರ್ಸ್ 1919ರಲ್ಲೇ ಕಾರಿಗೆ ಸಾಲ ಕೊಡುವ ಕಂಪನಿ ಶುರು ಮಾಡಿತ್ತು. ಫೋರ್ಡ್ ಕಂಪನಿ 1923ರಲ್ಲಿ ಬೇರೆ ಯೋಜನೆ ತಂದಿತು. ವಾರವಾರ ಸ್ವಲ್ಪ ಸ್ವಲ್ಪ ಕಟ್ಟಿ, ಪೂರ್ತಿ ಆದ ಮೇಲೆ ಕಾರು ತೆಗೆದುಕೊಂಡು ಹೋಗಿ ಅಂತ. ಕಾಯುವ ತಾಳ್ಮೆ ಯಾರಿಗಿತ್ತು? 1928ಕ್ಕೆ ಫೋರ್ಡ್ ಕೂಡ ಸಾಲದ ಕಂಪನಿ ತೆರೆಯಬೇಕಾಯಿತು.

ನಡುವೆ ಬಿಡುವುದು ನಮ್ಮ ಇಷ್ಟದಿಂದಲೇ ಆಗಬೇಕು ಅಂತೇನೂ ಇಲ್ಲ. ಕಾರು ಕಳವಾಗಬಹುದು, ಅಪಘಾತದಲ್ಲಿ ಪೂರ್ತಿ ಹಾಳಾಗಬಹುದು. ವಿಮೆಯವರು ಸಾಮಾನ್ಯವಾಗಿ ಕೊಡುವುದು ಅವತ್ತಿನ ಬೆಲೆ, ನಿಮ್ಮ ಬಾಕಿಯಷ್ಟಲ್ಲ. ನಡುವಿನ ಅಂತರ ತುಂಬಲು ಗ್ಯಾಪ್ ವಿಮೆ ಅಂತ ಬೇರೆಯೇ ಇದೆ. ಬಲೂನ್ ಕಂತಿನವರು ಅದನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು. ಕೆಲಸ ಹೋಗಿ ಕಂತು ಕಟ್ಟಲು ಆಗದೇ ಹೋದರೆ, ಕೀ ಬಿಸಾಕಿ ಫೋನ್ ಆಫ್ ಮಾಡಿಕೊಳ್ಳಬೇಡಿ. ಕಾರು ಹರಾಜಾಗುತ್ತದೆ, ಕಡಿಮೆ ಬಿದ್ದದ್ದಕ್ಕೆ ನೋಟಿಸ್ ಬರುತ್ತದೆ. ಕಂತು ತಪ್ಪುವ ಮೊದಲೇ ಮಾತಾಡಿದರೆ ಅವಧಿ ಉದ್ದ ಮಾಡಿ ಕಂತು ಇಳಿಸುವವರೂ ಇದ್ದಾರೆ.

ನನ್ನ ಕಥೆಗೆ ಬರೋಣ. ಕೊನೆಗೆ ನಾನು ಲೀಸ್ ಬಿಡಲಿಲ್ಲ. ಕಾರನ್ನು ಮನೆ ಮುಂದೆ ನಿಲ್ಲಿಸಿಕೊಂಡೇ ಉಳಿದ ಕಂತು ಕಟ್ಟಿದೆ. ಅವಧಿ ಮುಗಿದ ದಿನ ಪರೀಕ್ಷೆ ಮಾಡಲು ಒಬ್ಬರು ಬಂದರು. ಟಯರಿನ ಗೀರುಗಳೊಳಗೆ ಸಣ್ಣ ಅಳತೆ ಕಡ್ಡಿ ಇಳಿಸಿದರು. ಬಾಗಿಲಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರು. ನನ್ನ ಕಣ್ಣಿಗೆ ಯಾವತ್ತೂ ಬೀಳದ ಮೂರು ಗೀಚು ಅಲ್ಲಿ ಕಂಡವು. ಎಷ್ಟು ಕಿಲೋಮೀಟರ್ ಓಡಿದೆ ಅಂತ ನೋಡಿದರು. ಅದು ಮಿತಿಯೊಳಗೇ ಇತ್ತು, ನಿಂತೇ ಇದ್ದ ಕಾರಲ್ವಾ? ಆಮೇಲೆ ಕೈ ಚಾಚಿ, "ಎರಡನೇ ಕೀ ಕೊಡಿ" ಅಂದರು. ಅದು ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೀಚಿಗೂ ಕೀಗೂ ಸೇರಿಸಿ ಬಿಲ್ ಬಂತು.

ಮುಂದಿನ ಸಲ ಸಾಲಕ್ಕೆ ಅಂತ ಮೂರು ಕಡೆ ಹೋದೆ. ಮೂರೂ ಕಡೆ ಒಂದೇ ಮಾತು ಕೇಳಿದೆ. "18ನೇ ತಿಂಗಳಿಗೆ ನಾನು ಇದನ್ನು ಮುಗಿಸಿದರೆ ದಂಡ, ಚಾರ್ಜು ಎಲ್ಲಾ ಸೇರಿ ಎಷ್ಟು ಕಟ್ಟಬೇಕು? ಅಂಕಿಯಲ್ಲಿ ಬರೆದು ಕೊಡಿ." ಮೊದಲನೆಯವರು, "ಈಗ ತಾನೇ ತಗೋತಾ ಇದ್ದೀರಿ, ಮುಗಿಸೋ ಮಾತು ಯಾಕೆ ಸರ್?" ಅಂತ ನಕ್ಕರು. ಎರಡನೆಯವರು ಮೇಲ್ ಮಾಡ್ತೀವಿ ಅಂದರು, ಮಾಡಲಿಲ್ಲ. ಮೂರನೆಯವರು ಡ್ರಾಯರಿನಿಂದ ಕ್ಯಾಲ್ಕುಲೇಟರ್ ತೆಗೆದು, ಲೆಕ್ಕ ಹಾಕಿ, ಬರೆದು, ಕೆಳಗೆ ಸೀಲು ಒತ್ತಿ ಕೊಟ್ಟರು. ಅವರ ಬಡ್ಡಿ ಉಳಿದಿಬ್ಬರಿಗಿಂತ ಕಾಲು ಪರ್ಸೆಂಟ್ ಜಾಸ್ತಿ ಇತ್ತು. ನಾನು ಅಲ್ಲೇ ಸಹಿ ಹಾಕಿದೆ.

ನಮಸ್ಕಾರ.