ಜೋ ಬಹುವಚನಕ್ಕೆ ಬಂದ ದಿನ

(ಮೇಜಿನ ಮೇಲೆ ಬೈಂಡಿಂಗ್ ಬಿಚ್ಚಿದ ಹಳೆಯ ಪುಸ್ತಕ. ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು.)

ನಮಸ್ಕಾರ. ಇದು ಚಾರ್ಲ್ಸ್ ಡಿಕನ್ಸ್ ಬರೆದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'. ಡಿಗ್ರಿಯಲ್ಲಿ ನಮಗೆ ಪಠ್ಯವಾಗಿತ್ತು. ಪರೀಕ್ಷೆ ಹತ್ತಿರ ಬಂದಾಗ ನಾಲ್ಕೇ ದಿನದಲ್ಲಿ ಓದಿ ಮುಗಿಸಿದ್ದೆ. ಆಗ ನನಗೆ ಬೇಕಿದ್ದದ್ದು ಒಂದೇ ಉತ್ತರ: ಪಿಪ್ ಅನ್ನೋ ಅನಾಥ ಹುಡುಗನಿಗೆ ಗುಟ್ಟಾಗಿ ದುಡ್ಡು ಕೊಡ್ತಿರೋದು ಯಾರು? ಅದು ಗೊತ್ತಾದ ಮೇಲೆ ಉಳಿದ ಪುಟಗಳ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಈ ಕಾದಂಬರಿಯ ಜೀವ ಇರೋದೇ ಆ ಪುಟಗಳಲ್ಲಿ.

ಹೋದ ವರ್ಷ ಮತ್ತೆ ಕೈಗೆತ್ತಿಕೊಂಡೆ. ಡಿಕನ್ಸ್ ತಾನೇ ನಡೆಸ್ತಿದ್ದ ವಾರಪತ್ರಿಕೆಯಲ್ಲಿ ಇದು 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ ಧಾರಾವಾಹಿಯಾಗಿ ಬಂತು. 59 ಅಧ್ಯಾಯ, 36 ಕಂತು. ಪತ್ರಿಕೆಯಲ್ಲಿ ಆಗ ಬರ್ತಿದ್ದ ಬೇರೊಂದು ಧಾರಾವಾಹಿ ಓದುಗರಿಗೆ ಹಿಡಿಸದೆ ಮಾರಾಟ ಇಳಿದಿತ್ತು. ಅದನ್ನು ಎತ್ತೋಕೆ ಅವನೇ ಬರೆಯೋಕೆ ಕೂತ. ನಾನೂ ಆ ಲೆಕ್ಕದಲ್ಲೇ ಓದಿದೆ, ಭಾನುವಾರಕ್ಕೆ ಒಂದು ಕಂತು. ನಡುವಿನ ಆರು ದಿನ ಓದಿದ್ದೇ ತಲೆಯಲ್ಲಿ ಸುತ್ತುತ್ತಿತ್ತು.

ಹಾಗೆ ಓದುವಾಗ ಕಥೆ ಹೇಳ್ತಿರೋನ ದನಿ ಕೇಳಿಸತೊಡಗಿತು. ಹೇಳ್ತಿರೋನು ವಯಸ್ಸಾದ ಪಿಪ್. ತಾನು ಹುಡುಗನಾಗಿದ್ದಾಗ ಮಾಡಿದ್ದನ್ನು, ಒಂದನ್ನೂ ಮುಚ್ಚಿಡದೆ, ಒಪ್ಪಿಕೊಳ್ತಿದ್ದಾನೆ.

(ಪರದೆಯ ಮೇಲೆ: ಅಧ್ಯಾಯ 27)

ಪಿಪ್‌ನ ಅಕ್ಕನ ಗಂಡ ಜೋ, ಕಮ್ಮಾರ. ಕೆಂಟ್ ಕಡೆಯ ಜೌಗು ಬಯಲಿನಲ್ಲಿ ಅವನ ಕುಲುಮೆ. ಅಕ್ಕ ಹೊಡೆಯೋಕೆ ಬಂದಾಗ ಹುಡುಗನಿಗೆ ಅಡ್ಡ ನಿಲ್ತಿದ್ದ ಭಾವ ಇವನು. ಓದು ಬರಲ್ಲ. ಯಾವ ಹಾಳೆ ಕೊಟ್ಟರೂ ಅದರಲ್ಲಿ 'ಜೆ' ಮತ್ತು 'ಓ' ಹುಡುಕಿ, ತನ್ನ ಹೆಸರು ಸಿಕ್ಕಿತು ಅಂತ ಖುಷಿಪಡ್ತಾನೆ.

ಈಗ ಪಿಪ್ ಲಂಡನ್ನಿನಲ್ಲಿ ದೊಡ್ಡ ಮನುಷ್ಯ. ಜೋ ನೋಡೋಕೆ ಬರ್ತಾನೆ ಅಂತ ಕಾಗದ ಬರುತ್ತೆ. ಪಿಪ್ ಹೇಳ್ತಾನೆ: ದುಡ್ಡು ಕೊಟ್ಟು ಅವನನ್ನು ತಡೆಯೋಕೆ ಆಗೋದಾಗಿದ್ದರೆ ಖಂಡಿತ ಕೊಡ್ತಿದ್ದೆ. ಈ ವಾಕ್ಯ ಓದಿ ಪುಸ್ತಕ ಮುಚ್ಚಿಟ್ಟೆ. ಆ ಭಾನುವಾರ ಮುಂದೆ ಓದೋಕೆ ಆಗಲಿಲ್ಲ.

ಜೋ ಬರ್ತಾನೆ. ಮೈಗೆ ಒಗ್ಗದ ಭಾನುವಾರದ ಬಟ್ಟೆ. ಟೋಪಿ ಎಲ್ಲಿಡಬೇಕು ತಿಳಿಯದೆ ಅಗ್ಗಿಷ್ಟಿಕೆಯ ಅಂಚಿನ ಮೇಲಿಡ್ತಾನೆ, ಅದು ಮತ್ತೆ ಮತ್ತೆ ಬೀಳುತ್ತೆ. ಇಲ್ಲಿ ನನ್ನ ಹಳೆಯ ಪೆನ್ಸಿಲ್ ಬರಹ ಇದೆ ನೋಡಿ: 'ಹಾಸ್ಯ ಪ್ರಸಂಗ'.

ಆದರೆ ಜೋ ಈ ಹುಡುಗನನ್ನು 'ಸರ್' ಅಂತ ಕರೀತಾನೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಡೆ ಮೇಲೆ ಕೂರಿಸಿಕೊಂಡು 'ಬಾರೋ' ಅಂತಿದ್ದವರು ಒಂದು ದಿನ 'ಬನ್ನಿ' ಅಂದುಬಿಟ್ಟರೆ ಹೇಗಾಗುತ್ತೆ? ಇಂಗ್ಲಿಷಿನಲ್ಲಿ 'ನೀನು', 'ನೀವು' ಎರಡಕ್ಕೂ ಒಂದೇ ಪದ. ಏಕವಚನ ಮುರಿದ ನೋವನ್ನೆಲ್ಲ ಡಿಕನ್ಸ್ ಆ 'ಸರ್'ನಲ್ಲಿ ತುಂಬಿದ್ದಾನೆ.

ಹೊರಡುವಾಗ ಮಾತ್ರ ಆ 'ಸರ್' ಕಳಚಿ ಬೀಳುತ್ತೆ. ಬದುಕು ಅನ್ನೋದು ಅಗಲಿಕೆಗಳನ್ನೇ ಒಂದಕ್ಕೊಂದು ಬೆಸೆದು ಮಾಡಿದ್ದು, ಒಬ್ಬ ಕಮ್ಮಾರ, ಇನ್ನೊಬ್ಬ ಅಕ್ಕಸಾಲಿ, ಅಗಲಲೇಬೇಕು ಅಂತಾನೆ ಜೋ. ತತ್ವ ಹೇಳುವಾಗಲೂ ಅವನಿಗೆ ಸಿಗೋದು ಕುಲುಮೆಯ ಮಾತೇ, ಬೆಸುಗೆ. ತಪ್ಪು ಪಿಪ್‌ನದ್ದಲ್ಲ, ಈ ಬಟ್ಟೆಯಲ್ಲಿ ಬಂದ ತನ್ನದೇ ಅಂತ ಹೇಳಿ ಹೋಗ್ತಾನೆ.

ಈ ಕಾದಂಬರಿಯ ಕೊನೆಯ ಬಗ್ಗೆ ಇಂದಿಗೂ ವಾದ ಇದೆ. ಗೆಳೆಯ ಬುಲ್ವರ್ ಲಿಟನ್ ಮಾತು ಕೇಳಿ ಡಿಕನ್ಸ್ ಅದನ್ನು ಬದಲಾಯಿಸಿದ. ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲಾಳ ಕಥೆ ಅದು, ಇನ್ನೊಮ್ಮೆ ಮಾತಾಡೋಣ. ನನಗೆ ಕಾದಂಬರಿಯ ತುದಿ ಸಿಕ್ಕಿದ್ದು 57ನೇ ಅಧ್ಯಾಯದಲ್ಲಿ.

ಪಿಪ್ ಎಲ್ಲ ಕಳೆದುಕೊಂಡಿದ್ದಾನೆ. ಆಭರಣದ ಅಂಗಡಿಯ ಸಾಲವೇ 123 ಪೌಂಡು, 15 ಶಿಲಿಂಗ್, 6 ಪೆನ್ಸ್. ಹಿಡಿದುಕೊಂಡು ಹೋಗೋಕೆ ಬಂದವರ ಎದುರೇ ಜ್ವರದಲ್ಲಿ ಕುಸಿಯುತ್ತಾನೆ. ಎಷ್ಟೋ ದಿನದ ಮೇಲೆ ಎಚ್ಚರವಾದಾಗ ಪಕ್ಕದಲ್ಲಿ ಜೋ. ನೀರು ಕುಡಿಸ್ತಾನೆ, ಮಗುವಿನ ಹಾಗೆ ಎತ್ತಿ ಗಾಡಿಯಲ್ಲಿ ಕೂರಿಸ್ತಾನೆ. ಮತ್ತೆ ಏಕವಚನ. ಆದರೆ ಪಿಪ್‌ಗೆ ಶಕ್ತಿ ಬಂದಂತೆಲ್ಲ ಜೋ ಮಾತಿಗೆ ಒಂದೊಂದೇ 'ಸರ್' ವಾಪಸ್ ಬರುತ್ತೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಅವನಿಲ್ಲ.

ಮೇಜಿನ ಮೇಲೆ ಒಂದು ಚೀಟಿ. ಜೊತೆಗೆ ಸಾಲ ಪೂರ್ತಿ ತೀರಿದ ರಸೀತಿ. ಅಷ್ಟರಲ್ಲಿ ಬಿಡ್ಡಿ ಅನ್ನೋಳು ಜೋಗೆ ಬರೆಯೋಕೆ ಕಲಿಸಿದ್ದಾಳೆ. ನಿನಗೆ ವಾಸಿಯಾಯ್ತು, ಇನ್ನು ನಾನಿಲ್ಲದಿದ್ದರೇ ನಿನಗೆ ಒಳ್ಳೇದು ಅಂತ, ಕಾಗುಣಿತ ತಪ್ಪಿದರೂ ತನ್ನ ಕೈಯಾರೆ ಬರೆದಿದ್ದಾನೆ. ಕೆಳಗೆ ರುಜು.

(ಪರದೆಯ ಮೇಲೆ ಎರಡೇ ಅಕ್ಷರ: ಜೆ, ಓ.)