ಅದಿರು ಇಳಿದ ದಾರಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? ಸರಿ.

ಮಾತು ಶುರು ಮಾಡುವ ಮೊದಲು ಎರಡು ಕಲ್ಲು ಕೊಡುತ್ತೇನೆ. ಒಂದು ಎಡಗಡೆ ಸಾಲಿನಿಂದ ಹೋಗಲಿ, ಇನ್ನೊಂದು ಬಲಗಡೆಯಿಂದ. ಜೊತೆಗೆ ದಾರ ಕಟ್ಟಿದ ಒಂದೊಂದು ಅಯಸ್ಕಾಂತ, ಒಂದೊಂದು ಟೈಲ್ಸ್ ಚೂರು ಇದೆ. ಟೈಲ್ಸಿನ ಒರಟು ಬೆನ್ನಿಗೆ ಕಲ್ಲನ್ನು ಉಜ್ಜಿ ನೋಡಿ. ಒಂದು ಕಲ್ಲು ಕರಿ ಗೆರೆ ಎಳೆಯುತ್ತದೆ, ಅದು ಮ್ಯಾಗ್ನೆಟೈಟ್. ಅಯಸ್ಕಾಂತ ಹತ್ತಿರ ತಂದರೆ ದಾರ ಸೆಟೆದು ನಿಲ್ಲುತ್ತದೆ. ಇನ್ನೊಂದು ಎಳೆಯುವುದು ಕೆಂಪು ಗೆರೆ, ಒಣಗಿದ ರಕ್ತದ ಬಣ್ಣ. ಅದು ಹೆಮಟೈಟ್. ಎರಡೂ ಕಬ್ಬಿಣದ ಅದಿರು. ಕೈಗೆ ಕೆಂಪು ಹತ್ತಿದರೆ ಬಟ್ಟೆಗೆ ಒರೆಸಬೇಡಿ, ಸುಲಭಕ್ಕೆ ಹೋಗುವುದಿಲ್ಲ. ಕಲ್ಲು ನನ್ನವಲ್ಲ, ಗೆಳೆಯರೊಬ್ಬರ ಕಾಲೇಜಿನವು. ಕೊನೆಗೆ ಎರಡೂ ವಾಪಸ್ ಬರಬೇಕು.

ಹೋದ ತಿಂಗಳು ಒಬ್ಬ ಹುಡುಗ ಸಿಕ್ಕಿದ್ದ. ಕೆಮ್ಮಣ್ಣುಗುಂಡಿಗೆ ಮೂರು ಸಲ ಹೋಗಿದ್ದಾನೆ. ಝಡ್ ಪಾಯಿಂಟ್ ಹತ್ತಿದ್ದಾನೆ, ಹೆಬ್ಬೆ ಜಲಪಾತ ನೋಡಿದ್ದಾನೆ. ಮಾತಿನ ನಡುವೆ ನಾನು ಗಣಿ ಅಂದೆ. ‘ಅಲ್ಲಿ ಗಣಿ ಇತ್ತಾ ಸಾರ್?’ ಅಂದ. ಊರಿನ ಹೆಸರಲ್ಲೇ ಇದೆ, ಅಲ್ವಾ? ಕೆಂಪು ಮಣ್ಣು, ಗುಂಡಿ. ಆ ಹುಡುಗನ ತಪ್ಪು ಏನೂ ಇಲ್ಲ. ಅವನಿಗೆ ಯಾರೂ ಹೇಳಿಲ್ಲ. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಭದ್ರಾವತಿಯವರು, ತರೀಕೆರೆಯವರು, ಕಳಸದ ಕಡೆಯವರು ಇಲ್ಲಿದ್ದೀರಿ. ನಿಮಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ನಾನು ಹೇಳಬೇಕಾಗಿಲ್ಲ. 1918ರಲ್ಲಿ ಕೆಲಸ ಶುರುವಾದದ್ದು, 1923ರಲ್ಲಿ ಕಬ್ಬಿಣ ಹರಿದದ್ದು, ಅದೇ ವರ್ಷ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು ಕೂತದ್ದು ಎಲ್ಲ ನಿಮಗೆ ಗೊತ್ತು. ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ಹಳೆಯ ಗಣಿಯನ್ನು ನೋಡಲು ಹೋಗುವವರು ಎಲ್ಲರೂ ನೇರ ಮೇಲಕ್ಕೆ ಹೋಗುತ್ತಾರೆ. ಜೀಪು ಹತ್ತಿ, ಗುಂಡಿಯ ಅಂಚಿನಲ್ಲಿ ನಿಂತು, ಫೋಟೋ ತೆಗೆದು, ಇಳಿದು ಬರುತ್ತಾರೆ. ಮೇಲೆ ಇರುವುದು ಅಗೆದ ಜಾಗ. ಅಲ್ಲಿ ಇದ್ದದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದಾರೆ. ಚರಿತ್ರೆ ಇರುವುದು ಹೊತ್ತುಕೊಂಡು ಹೋದ ದಾರಿಯಲ್ಲಿ. ಅದಿರು ಇಳಿದ ದಾರಿಯನ್ನು ಹಿಡಿಯಿರಿ. ಅದು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಜನ ಇದ್ದರು.

ಇನ್ನೊಂದು ತಪ್ಪು ಕಲ್ಪನೆ. ಗಣಿ ಅಂದ ಕೂಡಲೇ ಸುರಂಗ ಅಂದುಕೊಳ್ಳುತ್ತೇವೆ. ಕೋಲಾರ ನಮ್ಮ ಕಣ್ಣಲ್ಲಿ ಹಾಗೆ ಕೂತಿದೆ. ನಮ್ಮ ಕಬ್ಬಿಣದ ಗಣಿಗಳು ಹಾಗಲ್ಲ. ಬಾಬಾಬುಡನ್ ಗಿರಿಯಲ್ಲಾಗಲಿ, ಕುದುರೆಮುಖದಲ್ಲಾಗಲಿ, ಸಂಡೂರಿನಲ್ಲಾಗಲಿ, ಅದಿರು ಬೆಟ್ಟದ ನೆತ್ತಿಯಲ್ಲೇ ಇದೆ. ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟವನ್ನೇ ಕಡಿಯುತ್ತಾ ಬರುತ್ತಾರೆ. ಆ ಮೆಟ್ಟಿಲಿಗೆ ಗಣಿಯವರು ಬೆಂಚ್ ಅನ್ನುತ್ತಾರೆ. ಕೈಯಲ್ಲಿರುವ ಕಲ್ಲನ್ನು ಓರೆಯಾಗಿ ಹಿಡಿದು ನೋಡಿ, ಪಟ್ಟೆ ಪಟ್ಟೆ ಕಾಣುತ್ತದೆ. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಬೆಣಚು. ಇದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಜಾಸ್ತಿ. ಅಷ್ಟು ಹಳೆಯದನ್ನು ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸುತ್ತಿದ್ದೀರಿ.

ಈಗ ಕೆಮ್ಮಣ್ಣುಗುಂಡಿಗೆ ಬರೋಣ. ಅಲ್ಲಿಯ ಅದಿರು ಬೆಟ್ಟದಿಂದ ರೋಪ್‌ವೇಯ ಬಕೆಟ್‌ಗಳಲ್ಲಿ ಕೆಳಗಿನ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ. ನಾನು ಹೇಳಿದ ಹಾಗೆ ಕೆಳಗಿನಿಂದ ಶುರು ಮಾಡಿದೆ. ಮಳೆ ನಿಂತ ಮೇಲೆ, ನವೆಂಬರಿನಲ್ಲಿ. ಮಳೆಗಾಲದಲ್ಲಿ ಹೋದರೆ ಇಂಬಳ ನಿಮ್ಮನ್ನು ನಡೆಯಲು ಬಿಡುವುದಿಲ್ಲ. ಜೊತೆಗೆ ಬಂದವರು ಒಬ್ಬ ಅಜ್ಜ. ಎಂಬತ್ತು ದಾಟಿದವರು. ಅವರ ಅಪ್ಪ ಮೇಲೆ ಗಣಿಯಲ್ಲಿ, ಚಿಕ್ಕಪ್ಪ ಕೆಳಗೆ ಬಕೆಟ್ ಖಾಲಿ ಮಾಡುವಲ್ಲಿ. ಅಜ್ಜ ಆಗ ಏಳೆಂಟು ವರ್ಷದ ಹುಡುಗ.

ಒಂದು ಕಡೆ ಕಾಫಿ ಗಿಡಗಳ ನಡುವೆ ಹಳೆಯ ಕಾಂಕ್ರೀಟ್ ಕಟ್ಟೆ ಇತ್ತು. ಮೊಣಕಾಲೆತ್ತರ. ಪಾಚಿ ಕಟ್ಟಿತ್ತು. ನಾಲ್ಕು ಮೂಲೆಯಲ್ಲಿ ನಾಲ್ಕು ಬೋಲ್ಟ್, ತುಕ್ಕು ಹಿಡಿದು ಅಣಬೆಯ ಹಾಗೆ ಊದಿದ್ದವು. ಕಂಬ ನಿಂತಿದ್ದ ಬುಡ ಅದು. ಅಜ್ಜ ಅದರ ಮೇಲೆ ಕೂತರು. ‘ಇಲ್ಲಿ ನಿಂತ್ಕೊಂಡು ಎಣಿಸ್ತಿದ್ವಿ ಕಣಪ್ಪ’ ಅಂದರು. ತುಂಬಿದ ಬಕೆಟ್ ಇಳಿಯುತ್ತಿತ್ತು, ಖಾಲಿ ಬಕೆಟ್ ಹತ್ತುತ್ತಿತ್ತು. ಮಕ್ಕಳಿಗೆ ಆಟ ಇಳಿಯುವ ಬಕೆಟಿನದು. ಅಮ್ಮಂದಿರ ಕಣ್ಣು ಹತ್ತುವ ಬಕೆಟ್ ಮೇಲೆ. ಯಾಕೆ ಗೊತ್ತಾ? ಖಾಲಿ ಬಕೆಟಿನಲ್ಲಿ ಬುತ್ತಿ ಹೋಗುತ್ತಿತ್ತು.

ನಾನು ಈ ಮಾತನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಿಯಮದಲ್ಲಿ ಇರಲಿಲ್ಲ, ಚಿಕ್ಕಪ್ಪ ಕಣ್ಣು ತಪ್ಪಿಸಿ ಇಡುತ್ತಿದ್ದರಂತೆ. ಮೊದಮೊದಲು ಅಜ್ಜನ ಮನೆಯದು ಮಾತ್ರ. ಆಮೇಲೆ ಅಕ್ಕಪಕ್ಕದ ನಾಲ್ಕೈದು ಮನೆಯವರೂ ತಂದು ಕೊಡತೊಡಗಿದರು. ಒಂದು ದಿನ ಎಡವಟ್ಟಾಯಿತು. ಅಜ್ಜನ ಅಮ್ಮ ಅಕ್ಕಿರೊಟ್ಟಿ, ಕಳಲೆ ಪಲ್ಯ ಕಟ್ಟಿದ್ದರು. ಮೇಸ್ತ್ರಿಯ ಮನೆಯಲ್ಲಿ ನೆಂಟರು ಬಂದು ಕೋಳಿ ಸಾರು ಮಾಡಿದ್ದರು. ಎರಡೂ ಬಿಳಿ ಬಟ್ಟೆಯ ಗಂಟು. ಮೇಲೆ ಹೋಗಿ ಅದಲು ಬದಲಾಯಿತು. ಅಪ್ಪ ಕೋಳಿ ಸಾರು ಉಂಡು ಮುಗಿಸಿಯೇಬಿಟ್ಟರು. ‘ಇವತ್ತು ಮನೇಲಿ ಏನೋ ವಿಶೇಷ ಅನ್ಕೊಂಡೆ’ ಅಂದರಂತೆ ಸಂಜೆ. ಮೇಸ್ತ್ರಿ ಎರಡು ದಿನ ಮಾತು ಬಿಟ್ಟರಂತೆ. ನಗಬೇಡಿ, ಮಲೆನಾಡಿನಲ್ಲಿ ಕೋಳಿ ಸಾರು ತಪ್ಪುವುದು ಸಣ್ಣ ಸಂಗತಿ ಅಲ್ಲ.

ಅವತ್ತಿನಿಂದ ಒಂದೊಂದು ಮನೆಗೂ ಒಂದೊಂದು ಗಂಟು. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು, ಆ ಕಟ್ಟೆಯ ಮೇಲೇ ಹಾಸಿ, ತಮ್ಮ ಮನೆಯ ಗಂಟು ಹಾಕಿ ತೋರಿಸಿದರು. ಎದುರು ಬದುರು ಮೂಲೆ ಕಟ್ಟಿ, ಉಳಿದ ಎರಡು ತುದಿಯನ್ನು ಒಂದರೊಳಗೊಂದು ತೂರಿಸಿ, ಒಂದು ಕಿವಿ ಮಾತ್ರ ಮೇಲೆ ನಿಲ್ಲುವ ಹಾಗೆ ಬಿಟ್ಟರು. ಕೈ ನಡುಗುತ್ತಿತ್ತು. ಆದರೆ ಗಂಟು ಒಂದೇ ಸಲಕ್ಕೆ ಬಿತ್ತು. ಎಪ್ಪತ್ತು ವರ್ಷದ ಮೇಲೆ! ಮೊಲದ ಕಿವಿ ಅಂತ ಅದರ ಹೆಸರಂತೆ. ಅಪ್ಪ ಬಕೆಟಿನೊಳಗೆ ನೋಡುವುದೂ ಬೇಡ, ಕೈಯಾಡಿಸಿದರೆ ಸಾಕು, ತಮ್ಮದು ಯಾವುದು ಅಂತ ತಿಳಿಯುತ್ತಿತ್ತು. ವಾಪಸ್ ಬರುವ ಬಟ್ಟೆ ಕೆಂಪಾಗಿರುತ್ತಿತ್ತು. ಅಮ್ಮ ಎಷ್ಟು ಒಗೆದರೂ ಬಿಳಿ ಆಗಲಿಲ್ಲವಂತೆ.

ಮೇಲಿನ ಗುಂಡಿಯ ಅಂಚಿನಲ್ಲಿ ನಿಂತು ಇದು ಸಿಗುತ್ತಿತ್ತಾ, ಹೇಳಿ? ಅದಿರು ಇಳಿದ ದಾರಿ ಹಿಡಿದದ್ದಕ್ಕೆ ಸಿಕ್ಕಿತು.

ಅಲ್ಲಿಂದ ಬಂದ ಮೇಲೆ, ಆ ಕಾಲದ ಹಾಜರಿ ಪುಸ್ತಕ ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಒಂದು ಕಚೇರಿಯಲ್ಲಿ ಮೂರು ಸಲ ಕಾಯಿಸಿ, ಕೊನೆಗೆ ಹೇಳಿದರು, ಹಳೆಯ ಪುಸ್ತಕವೆಲ್ಲ ರದ್ದಿಗೆ ಹೋಯಿತು, ಕೋಣೆ ಖಾಲಿ ಮಾಡಬೇಕಿತ್ತು ಅಂತ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಸುಮ್ನೆ ಕೂತೆ. ಮಸ್ಟರ್ ರೋಲ್ ಅಂದರೆ ಏನು? ಯಾವ ಊರಿನಿಂದ ಯಾರು ಬಂದರು, ದಿನಕ್ಕೆ ಎಷ್ಟು ಕೂಲಿ, ಹೆಂಗಸರಿಗೆ ಎಷ್ಟು, ಯಾವ ದಿನ ಯಾರು ಬರಲಿಲ್ಲ. ಹೆಸರು ಬರೆಯಲು ಬಾರದ ಅಷ್ಟೊಂದು ಜನರ ಹೆಬ್ಬೆಟ್ಟು ಇದ್ದ ಒಂದೇ ಪುಸ್ತಕ ಅದು. ಕಿಲೋ ಲೆಕ್ಕದಲ್ಲಿ ಹೋಯಿತು.

ಕುದುರೆಮುಖದ ಕಥೆ ಬೇರೆ. ಅಲ್ಲಿ ಕಾಗದಕ್ಕೆ ಬರ ಇಲ್ಲ. ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು 1913ರಲ್ಲೇ ಅಲ್ಲಿ ಅದಿರು ಗುರುತಿಸಿದ್ದರು. ಆ ಕಾಲದಲ್ಲಿ ದಾರಿಯೇ ಇಲ್ಲದ ಶೋಲಾ ಕಾಡು, ಆ ಮಳೆ, ಆ ಗಾಳಿ. ನಡೆದೇ ಹತ್ತಿದವರು. ಆದರೆ ಅದಿರು ಬಡ ಅದಿರು. ನೂರು ಕಿಲೋ ಕಲ್ಲಿನಲ್ಲಿ ಕಬ್ಬಿಣ ನಲವತ್ತು ಕಿಲೋ ಕೂಡ ಇಲ್ಲ. ಹಾಗಾಗಿ ಅರವತ್ತು ವರ್ಷ ಬೆಟ್ಟ ಹಾಗೇ ನಿಂತಿತ್ತು. ಆಮೇಲೆ ಇರಾನಿನ ಶಾ ಹಣ ಕೊಡಲು ಮುಂದೆ ಬಂದರು. 63 ಕೋಟಿ ಡಾಲರ್ ಸಾಲದ ಒಪ್ಪಂದ. 1976ರಲ್ಲಿ ಕಂಪನಿ ಶುರುವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ. ಶಾ ದೇಶ ಬಿಟ್ಟರು, ಹಣ ನಿಂತಿತು, ಕೊಳ್ಳುವವರೂ ಇಲ್ಲ. ಇಲ್ಲಿ ಕಾರ್ಖಾನೆ ಹೆಚ್ಚುಕಡಿಮೆ ಮುಗಿದಿತ್ತು. ಟೆಹರಾನಿನ ಬೀದಿಯಲ್ಲಿ ನಡೆದದ್ದು ಮೂಡಿಗೆರೆ ತಾಲೂಕಿನ ಒಂದು ಕ್ವಾರ್ಟರ್ಸಿನ ಅಡುಗೆಮನೆಯವರೆಗೆ ಬಂತು. ಇದು ನಮ್ಮ ಚರಿತ್ರೆ ಅಲ್ವಾ? ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕೋ ಬೇಡವೋ?

ಅಲ್ಲಿಯೂ ಅದಿರು ಇಳಿದ ದಾರಿ ನೋಡಿ. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸಿದರು. ಘಟ್ಟ ಇಳಿದು, ತೋಟ ಗದ್ದೆಗಳ ಅಡಿಯಲ್ಲಿ ಸಾಗಿ ಸಮುದ್ರದ ದಡಕ್ಕೆ. ಉಳಿದ ಕೆಸರು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಇವತ್ತಿಗೂ ಅಲ್ಲೇ ಇದೆ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದದ್ದನ್ನು ಕೆಳಗಿನ ಊರಿನವರು ಮರೆತಿಲ್ಲ. ಹೋರಾಟ ಮಾಡಿದವರು ಈ ಸಭೆಯಲ್ಲೂ ಇದ್ದೀರಿ. 2002ರಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಿಲ್ಲಬೇಕಾಗಿತ್ತು, ನಿಂತಿತು. ಇದರಲ್ಲಿ ನನಗೆ ಎರಡು ಮಾತಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಅದು.

ಆದರೆ ಕಾಡು ಉಳಿಸಿದವರ ಕಥೆ ಬರೆದಷ್ಟೇ ಮುತುವರ್ಜಿಯಿಂದ ಅಲ್ಲಿ ದುಡಿದವರ ಕಥೆಯನ್ನೂ ಬರೆಯಬೇಕು. ಬೆಟ್ಟದ ನಡುವೆ ಒಂದು ಪೂರ್ತಿ ಊರು ಎದ್ದಿತ್ತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್. ಒಬ್ಬ ಅಕ್ಕ ನನಗೆ ಹೇಳಿದರು, ‘ನಾನು ಹುಟ್ಟಿದ್ದು ಅಲ್ಲೇ, ಓದಿದ್ದು ಅಲ್ಲೇ. ಈಗ ನನ್ನ ಊರು ಯಾವುದು ಅಂತ ಕೇಳಿದರೆ ಏನು ಹೇಳಲಿ?’ ಶಾಲೆ ಮುಚ್ಚಿದ ದಿನ ತರಗತಿಯ ಕಿಟಕಿಯ ಚಿಲಕವೊಂದನ್ನು ಬಿಚ್ಚಿ ತಂದಿದ್ದಾರೆ. ಬೀರುವಿನಲ್ಲಿ ಇಟ್ಟಿದ್ದಾರೆ. ಹಿತ್ತಾಳೆಯದು, ಬೆರಳು ತಾಗುವ ಜಾಗ ಮಾತ್ರ ಹೊಳೆಯುತ್ತದೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳುತ್ತೇನೆ.

ಹೋಗುವವರಿಗೆ ಎರಡು ಮಾತು. ಕುದುರೆಮುಖ ಈಗ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ, ಒಂದು ಕಲ್ಲನ್ನೂ ಎತ್ತಿಕೊಂಡು ಬರಬೇಡಿ. ಹಳೆಯ ಗಣಿ ಎಲ್ಲೇ ಇರಲಿ, ಬೆಂಚಿನ ಅಂಚಿಗೆ ಹೋಗಲೇಬೇಡಿ. ಮೇಲೆ ಹುಲ್ಲು ಬೆಳೆದು ಗಟ್ಟಿ ನೆಲದ ಹಾಗೆ ಕಾಣುತ್ತದೆ, ಕೆಳಗೆ ಸಡಿಲ ಮಣ್ಣು. ಗುಂಡಿಯಲ್ಲಿ ನಿಂತ ನೀರು ಕೆರೆ ಅಲ್ಲ. ಕೆರೆಗೆ ಇಳಿಜಾರು ಇರುತ್ತದೆ, ಗಣಿಗುಂಡಿಗೆ ಇರುವುದಿಲ್ಲ. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳ. ಈಜಲು ಇಳಿದು ಜೀವ ಕಳೆದುಕೊಂಡ ಹುಡುಗರ ಸುದ್ದಿ ಎಷ್ಟು ಓದಿದ್ದೇವೆ.

ಸಂಡೂರಿನ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಆಗುವುದಿಲ್ಲ. 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ತಡೆ, 2013ರಲ್ಲಿ ‘ಸಿ’ ವರ್ಗದ, ಅಂದರೆ ಅತಿ ಹೆಚ್ಚು ನಿಯಮ ಮುರಿದ ಗಣಿ ಗುತ್ತಿಗೆಗಳ ರದ್ದು, ಇದೆಲ್ಲ ನಿಮಗೆ ಗೊತ್ತು. ಅಲ್ಲಿ ಅದಿರು ಇಳಿದದ್ದು ಲಾರಿಯಲ್ಲಿ. ದಾರಿಯ ಬದಿಯ ಹೊಲದವರನ್ನು ಕೇಳಿ. ಜೋಳದ ಗರಿಯ ಮೇಲೆ ಕೂತ ಕೆಂಪು ಧೂಳಿನಿಂದ ಕಥೆ ಶುರು ಮಾಡುತ್ತಾರೆ. ಡ್ರೈವರ್‌ಗಳ ಕಥೆ, ಪಂಚರ್ ಅಂಗಡಿಯವರ ಕಥೆ, ದುಡ್ಡು ಬಂದು ಹೋದ ಕಥೆ. ಇನ್ನೂ ತಾಜಾ ಇದೆ, ಈಗಲೇ ಬರೆದುಕೊಳ್ಳಬಹುದು.

ಇನ್ನು ಹಿಂದಕ್ಕೆ ಹೋದರೆ ಹಾವೇರಿ ಜಿಲ್ಲೆಯ ಹಳ್ಳೂರು. ತುಂಗಭದ್ರೆಯ ದಡ. ಅಲ್ಲಿ ಎಂ.ಎಸ್. ನಾಗರಾಜರಾಯರ ಅಗೆತದಲ್ಲಿ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣ ಸಿಕ್ಕಿದೆ. ಕಬ್ಬಿಣ ಅನ್ನುವ ಮಾತನ್ನೇ ಬಿಡಿಸಿ ನೋಡಿ. ಕರಿದು, ಪೊನ್ನು. ಕಪ್ಪು ಹೊನ್ನು. ತಿದಿ ಒತ್ತಿ, ಇದ್ದಿಲು ಸುಟ್ಟು, ಕಲ್ಲಿನಿಂದ ಕಬ್ಬಿಣ ಇಳಿಸಿದವರು ನಮ್ಮ ಹಳ್ಳಿಗಳಲ್ಲೇ ಇದ್ದರು. ಉಳುವಾಗ ನೇಗಿಲಿಗೆ ತಾಗುವ ಕಿಟ್ಟ, ಅಂದರೆ ಕಬ್ಬಿಣ ಇಳಿಸಿದ ಮೇಲೆ ಉಳಿದ ಕಸ, ಅವರದು. ಹಗುರಾದ ತೂತು ತೂತಿನ ಕಿಟ್ಟವೂ ಸಿಗುತ್ತದೆ, ಗಾಜಿನ ಹಾಗೆ ಹೊಳೆಯುವ ಭಾರದ ಕಿಟ್ಟವೂ ಸಿಗುತ್ತದೆ. ಸಿಕ್ಕರೆ ಬದುವಿನಾಚೆ ಎಸೆಯಬೇಡಿ. ಯಾವ ಹೊಲ, ಯಾವ ಮೂಲೆ ಅಂತ ಬರೆದಿಡಿ. ಹತ್ತಿರದಲ್ಲಿ ಎಲ್ಲೋ ಕುಲುಮೆ ಇತ್ತು. ಕುಲುಮೆಯಿಂದ ಬೆಟ್ಟಕ್ಕೆ ಒಂದು ದಾರಿ ಇರಲೇಬೇಕು.

ಆಯಿತು, ಮುಗಿಸುತ್ತಿದ್ದೇನೆ. ಹೊರಗೆ ವರಾಂಡದಲ್ಲಿ ಒಂದು ಮೇಜು ಹಾಕಿದ್ದೇವೆ. ಸ್ಕ್ಯಾನರ್ ಇದೆ, ಇಬ್ಬರು ಹುಡುಗಿಯರು ಕೂತಿದ್ದಾರೆ. ಮನೆಯಲ್ಲಿ ಹಳೆಯ ಗೇಟ್ ಪಾಸ್, ಕ್ಯಾಂಟೀನ್ ಟೋಕನ್, ಸಂಬಳದ ಚೀಟಿ, ಗುಂಪಿನ ಫೋಟೋ ಇದ್ದರೆ ತನ್ನಿ. ನಕಲು ಮಾಡಿಕೊಂಡು ಅಲ್ಲೇ ವಾಪಸ್ ಕೊಡುತ್ತೇವೆ. ಇವತ್ತು ತಂದಿಲ್ಲದಿದ್ದರೆ ಹೆಸರು, ಫೋನ್ ನಂಬರ್ ಬರೆಸಿ ಹೋಗಿ, ನಾವೇ ಮನೆಗೆ ಬರುತ್ತೇವೆ. ಬುತ್ತಿಯ ಗಂಟು ಗೊತ್ತಿರುವವರು ಯಾರಾದರೂ ಇದ್ದರೆ ನನ್ನನ್ನು ಹುಡುಕಿ. ನಾಲ್ಕೈದು ಮನೆಯ ಗಂಟುಗಳಲ್ಲಿ ನನಗೆ ಸಿಕ್ಕಿರುವುದು ಒಂದೇ.

ಕರಿ ಕಲ್ಲು ಬಂತು, ತುಂಬಾ ಧನ್ಯವಾದ. ಕೆಂಪು ಕಲ್ಲು ಇನ್ನೂ ಬಂದಿಲ್ಲ. ಎಲ್ಲರೂ ಒಂದು ಸಲ ಕೈ ಎತ್ತಿ, ಅಂಗೈ ಈ ಕಡೆ ಇರಲಿ. ಹಾಂ, ಐದನೇ ಸಾಲಿನವರೆಗೆ ಕೆಂಪು ಕಾಣುತ್ತಿದೆ. ಆರನೇ ಸಾಲು, ಕಂಬದ ಪಕ್ಕ ಕೂತಿರುವ ಅಮ್ಮ, ನಿಮ್ಮ ಮಡಿಲಲ್ಲಿದೆಯಾ ನೋಡಿ.